ರೂತ್ ಅಜ್ಜಿ ಓದಿದ ಶನಿವಾರ

ಮಿಲ್ಪಿಟಾಸ್‌ನಲ್ಲಿ ರೈಲು ಹತ್ತಿದಾಗ ಬೆಟ್ಟಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಜೊತೆಗಿದ್ದವಳು ನಸೀಮಾ. ಮೈಸೂರಿನಲ್ಲಿ ನನ್ನೊಡನೆ ಕಾಲೇಜು ಓದಿದವಳು, ಈಗ ಇಲ್ಲಿ ನರ್ಸು. ಬರ್ಕ್ಲಿಗೆ ಸುಮಾರು ಒಂದು ಗಂಟೆಯ ದಾರಿ. ರೈಲಿನಲ್ಲಿ ತಿನ್ನುವಂತಿಲ್ಲವಾದ್ದರಿಂದ ಅವಳು ತಂದಿದ್ದ ಅವಲಕ್ಕಿಯನ್ನು ಇಳಿದ ಮೇಲೆ ಬೆಂಚಿನಲ್ಲಿ ಕೂತು ಮುಗಿಸಿದೆವು.

"ಇಲ್ಲಿ ನನ್ನನ್ನ ಓದ್ಸಿದ್ದು ರೂತ್ ಅಜ್ಜಿ ಕಣೇ," ಎಂದಳು. "ಮಗು ಡೇಕೇರಲ್ಲಿ, ನಾನು ಕ್ಲಾಸಲ್ಲಿ. ಅವರು ಯಹೂದಿ, ನಾನು ಮುಸ್ಲಿಂ. ಅದರ ಮಾತೇ ಎತ್ತಲಿಲ್ಲ. ಸಿಕ್ಕಾಗೆಲ್ಲ 'ಪಾಸಾದ್ಯಾ?' ಅಂತ ಕೇಳೋರು, ಅಷ್ಟೇ."

ರೂತ್ ಗಂಡನೊಡನೆ ಹಾರ್ಡ್‌ವೇರ್ ಅಂಗಡಿಗಳನ್ನು ನಡೆಸಿದವರು. ಆತ ತೀರಿಕೊಂಡ ಮೇಲೆ ಅವನ್ನು ಮಾರಿ ಯಹೂದಿ ಮಕ್ಕಳಿಗೊಂದು ಶಾಲೆ ಕಟ್ಟಿಸಿದರು. ಯಾವ ಧರ್ಮದವರಾದರೂ ಸರಿ, ಓದಬೇಕೆನ್ನುವ ಹೆಂಗಸರಿಗೆ ನೆರವಾದರು. ಆದರೆ ಅವರಿಗೇ ಒಂದು ಓದು ದಕ್ಕಿರಲಿಲ್ಲ. ಹದಿಮೂರು ವರ್ಷ ತುಂಬಿದಾಗ ಅಣ್ಣಂದಿರೆಲ್ಲ ಸಭೆಯ ಮುಂದೆ ಧರ್ಮಗ್ರಂಥ ತೋರಾವನ್ನು ಓದಿದ್ದರು. ಆ ಕಾಲದಲ್ಲಿ ಅವರ ಮನೆತನದಲ್ಲಿ ಹುಡುಗಿಯರನ್ನು ಹಾಗೆ ಓದಲು ಕರೆಯುತ್ತಿರಲಿಲ್ಲ. ಈಗ ಎಂಬತ್ತು ದಾಟಿದ ಮೇಲೆ, ತಾವು ಕಟ್ಟಿಸಿದ ಶಾಲೆಯಲ್ಲೇ ಹೀಬ್ರೂ ಕಲಿತು, ಅಂದು ಓದಲು ಹೊರಟಿದ್ದರು.

ಪ್ರಾರ್ಥನಾ ಮಂದಿರ ತುಂಬಿತ್ತು. ನಾನು ಫೋನು ತೆಗೆದೆ. "ಶನಿವಾರ ಇವರಿಗೆ ಸಬ್ಬತ್, ವಿಶ್ರಾಂತಿಯ ದಿನ. ಫೋಟೋ ತೆಗೆಯೋ ಹಾಗಿಲ್ಲ," ಎಂದು ನಸೀಮಾ ಕೈ ಒತ್ತಿದಳು.

ಪುಟ್ಟ ದೇಹದ, ನೀಲಿ ಸ್ವೆಟರಿನ ರೂತ್ ತೋರಾ ಬರೆದ ಸುರುಳಿಯ ಮುಂದೆ ನಿಂತರು. ಅದರ ಬರಹದಲ್ಲಿ ಸ್ವರಚಿಹ್ನೆಗಳಿರುವುದಿಲ್ಲ. ಉಚ್ಚಾರ, ರಾಗ ಎರಡೂ ಬಾಯಿಗೆ ಬಂದಿರಬೇಕು. ಬೆಳ್ಳಿಯ ಕಡ್ಡಿಯಿಂದ ಅಕ್ಷರ ತೋರಿಸುತ್ತಾ ಹಾಡಿದಂತೆ ಓದತೊಡಗಿದರು. ನಡುವೆ ಥಟ್ಟನೆ ನಿಂತುಬಿಟ್ಟರು. ಪಕ್ಕದಲ್ಲಿದ್ದ ಶಿಕ್ಷಕಿ ಹೇಳಿಕೊಡಲು ಬಾಗಿದಾಗ ರೂತ್ ಎಡಗೈ ಎತ್ತಿ ತಡೆದರು. ನಸೀಮಾ ನನ್ನ ಬೆರಳು ಹಿಂಡುತ್ತಿದ್ದಳು. ರೂತ್ ಉಸಿರೆಳೆದುಕೊಂಡು ಆ ಸಾಲನ್ನು ಮೊದಲಿಂದ ಹಿಡಿದರು. ಈ ಸಲ ದನಿ ಏರಿ, ಎಲ್ಲೂ ತಡವರಿಸದೆ ಕೊನೆ ಮುಟ್ಟಿತು.

ಮರುಕ್ಷಣ ನಾಲ್ಕೂ ಕಡೆಯಿಂದ ಮಿಠಾಯಿಗಳ ಮಳೆ! ಹದಿಮೂರರ ಮಕ್ಕಳಿಗೆ ಮಾಡುವ ಹಾಗೆಯೇ. ಒಂದು ನನ್ನ ಹಣೆಗೇ ಬಡಿಯಿತು. ಎಲ್ಲರೂ ಕೈ ಹಿಡಿದು ಸುತ್ತು ಕುಣಿದರು. ಸೀರೆ ಎತ್ತಿ ಹಿಡಿದು ನಾನೂ ಕುಣಿದೆ.

ನಸೀಮಾ ಹೋಗಿ ಅಜ್ಜಿಯನ್ನು ತಬ್ಬಿಕೊಂಡು ಇಂಗ್ಲಿಷಿನಲ್ಲಿ ಕೇಳಿದಳು: "ಪಾಸಾದ್ರಾ?"

ರೂತ್ ಕಣ್ಣೊರೆಸಿಕೊಂಡು ನಕ್ಕರು.

ಹೊರಗೆ ಬಿಸಿಲು ಬಂದಿತ್ತು. ಮೆಟ್ಟಿಲಿಳಿದು ತಿರುಗಿ ನೋಡಿದೆ. ಬಾಗಿಲಲ್ಲಿ ರೂತ್ ಶಿಕ್ಷಕಿಯ ತೋಳು ಹಿಡಿದು ಕಾಡುತ್ತಿದ್ದರು: "ಇದು ತೀರಾ ಚಿಕ್ಕದಾಯ್ತು. ಮುಂದಿನ ಸಲ ನನಗೆ ಉದ್ದನೆಯ ಭಾಗ ಕೊಡಬೇಕು!"