ಸೋಫಾದ ಹೊಟ್ಟೆಯಲ್ಲಿ ಸೋಫಾ ಮಾಮ

ಸೋಫಾ ಮಾಮನ ಕಣ್ಣು ಕಿರಿದಾಯಿತು ಅಂದರೆ ಸಾಕು, ಮನೆಯವರು ಕೈಯಲ್ಲಿದ್ದದ್ದನ್ನು ಹಾಗೇ ಹಿಡಿದು ಕಲ್ಲಾಗಿ ನಿಲ್ಲುತ್ತಿದ್ದರು. ಯಾಕಂದರೆ ಅಷ್ಟು ಹೊತ್ತಿಗೆ ಆ ಕಣ್ಣಿಗೆ ಒಂದು ಪಾಠ ಬಿದ್ದಿರುತ್ತಿತ್ತು. ಬಿದ್ದ ಪಾಠ ಭಾನುವಾರದ ತನಕ ಮಾಮನ ಹೊಟ್ಟೆಯಲ್ಲಿ ಬೇಯುತ್ತಿತ್ತು. ಭಾನುವಾರ ಚರ್ಚಿನಲ್ಲಿ ಇಡೀ ಸಭೆಗೆ ಬಡಿಸಿಯಾಗುತ್ತಿತ್ತು.

ಮಾಮನ ಕಸುಬು ಹಳೇ ಸೋಫಾ ರಿಪೇರಿ. ಮನೆಯ ಮುಂದಿನ ಕೋಣೆಯೇ ವರ್ಕ್‌ಶಾಪ್. ಸ್ಪ್ರಿಂಗು, ತೆಂಗಿನ ನಾರು, ಫೋಮು, ಮೊಳೆ, ಅದರ ನಡುವೆ ಮಾಮ. ಚರ್ಚಿನಲ್ಲಿ ಪಾಸ್ಟರ್ ಪ್ರಸಂಗಕ್ಕೆ ಮುಂಚೆ ಐದು ನಿಮಿಷ ಮಾತ್ರ ಅವನ ಪಾಲು. ದೊಡ್ಡ ದೊಡ್ಡ ಮಾತು ಬೇಡ, ದಿನಾ ಮನೆಯಲ್ಲಿ ನಡೆಯೋದರಲ್ಲೇ ದೇವರು ಏನು ಕಲಿಸ್ತಾನೆ ಅಂತ ಹೇಳಪ್ಪ ಎಂದು ಪಾಸ್ಟರ್ ಒಂದು ಸಲ ಕೇಳಿದ್ದರು. ಒಂದು ಸಲ ಕೇಳಿದ್ದು ಅಷ್ಟೇ. ಆಮೇಲೆ ನಿಲ್ಲಿಸೋಕೆ ಯಾರಿಂದಲೂ ಆಗಲಿಲ್ಲ. ನಿಲ್ಲಿಸಬೇಕು ಅಂತ ಯಾರಿಗೂ ಅನ್ನಿಸಲೂ ಇಲ್ಲ, ಅಷ್ಟು ಚೆನ್ನಾಗಿ ಹೇಳುತ್ತಿದ್ದ! ಪಾಸ್ಟರ್ ಪ್ರಸಂಗದ ಹೊತ್ತಿಗೆ ತೂಕಡಿಸುವವರು ಕೂಡ ಮಾಮನ ಐದು ನಿಮಿಷಕ್ಕೆ ಕಣ್ಣು ಬಿಟ್ಟುಕೊಂಡು ಕೂರುತ್ತಿದ್ದರು.

ಮಗಳು ಬಸ್ಸು ತಪ್ಪಿ ಮನೆಗೆ ತಡವಾಗಿ ಬಂದಳು. ಆ ಭಾನುವಾರ ಆಸ್ತಿ ಉಡಾಯಿಸಿ, ಹಂದಿ ಕಾದು, ಕೊನೆಗೆ ಅಪ್ಪನ ಮನೆಗೆ ತಿರುಗಿ ಬಂದ ಮಗನ ಪಾಠ. ಮಗಳು ಉಡಾಯಿಸಿದ್ದು ಒಂದು ಬಸ್ ಟಿಕೆಟ್. ಮನೆಯಲ್ಲೇ ಇದ್ದ ಅತ್ತೆಯ, ಅಂದರೆ ಹೆಂಡತಿಯ ತಾಯಿಯ, ಹಲ್ಲಿನ ಸೆಟ್ಟು ಕಳೆದು, ಮನೆಯೆಲ್ಲ ಹುಡುಕಿ, ಸಕ್ಕರೆ ಡಬ್ಬದಲ್ಲಿ ಸಿಕ್ಕಿತು. ಕಳೆದುಹೋದ ಕುರಿಯ ಪಾಠ. ಮುಗಿದ ಮೇಲೆ ಎಲ್ಲರೂ ಬಂದು ಅತ್ತೆಯ ಕೈ ಕುಲುಕಿದರು, ಕುಲುಕುವಾಗ ಬಾಯಿಯನ್ನೇ ನೋಡಿದರು. ಅಡುಗೆ ಮಧ್ಯದಲ್ಲಿ ಗ್ಯಾಸ್ ಮುಗಿಯಿತು. ದೀಪಕ್ಕೆ ಎಣ್ಣೆ ತರದೆ ಮದುಮಗನಿಗಾಗಿ ಕಾದ ಬುದ್ಧಿಯಿಲ್ಲದ ಕನ್ಯೆಯರ ಪಾಠ. ಆ ಬುದ್ಧಿಯಿಲ್ಲದವರ ಜಾಗಕ್ಕೆ ಹೆಂಡತಿ.

ಇದೆಲ್ಲ ಹೇಗೋ ಕಳೆಯಿತು. ಕೆಟ್ಟದ್ದು ಕಪ್ಪುಗಳಿಂದ. ಮನೆಯಲ್ಲಿ ಆರು ಚಂದದ ಕಪ್ಪುಗಳಿದ್ದವು, ಟವೆಲ್ಲಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದು. ಪಾಸ್ಟರ್ ತಂಗಿ ಮನೆಗೆ ಬಂದಾಗ ಹೆಂಡತಿ ಅಂಚು ಒಡೆದ ಹಳೇ ಕಪ್ಪಿನಲ್ಲೇ ಕಾಫಿ ಕೊಟ್ಟಳು. ಮಾಮನ ಕಣ್ಣು ಕಿರಿದಾಯಿತು. ಭಾನುವಾರ ದೀಪ ಹಚ್ಚಿ ಕೊಳಗದ ಕೆಳಗೆ ಮುಚ್ಚಿಡುವವರ ಪಾಠ ಬಂತು, ಟವೆಲ್ಲಿನ ಬಣ್ಣದ ಸಮೇತ. ಮೊದಲ ಬೆಂಚಿನಲ್ಲಿ ಕೂತಿದ್ದ ಪಾಸ್ಟರ್ ತಂಗಿ ಪೂರ್ತಿ ಹಿಂದಕ್ಕೆ ತಿರುಗಿ ಹೆಂಡತಿಯನ್ನು ನೋಡಿದರು. ಸಭೆ ನಕ್ಕಿತು. ಹೆಂಡತಿ ತಲೆ ಎತ್ತಲಿಲ್ಲ.

ಮನೆಗೆ ಬಂದು, ಚಪ್ಪಲಿ ಬಿಟ್ಟು, ಅವಳು ಮೆಲ್ಲಗೆ ಹೇಳಿದಳು, "ಇನ್ಮೇಲೆ ಈ ಮನೇಲಿ ಏನೂ ನಡೆಯಲ್ಲ."

ಮಾಮನಿಗೆ ಅರ್ಥ ಆಗಲಿಲ್ಲ. ಸೋಮವಾರ ಅರ್ಥ ಆಯಿತು.

ನಿಜವಾಗಲೂ ಏನೂ ನಡೆಯಲಿಲ್ಲ. ಹಾಲು ಉಕ್ಕಲಿಲ್ಲ. ಲೋಟ ಬೀಳಲಿಲ್ಲ. ಯಾರೂ ತಡ ಮಾಡಲಿಲ್ಲ, ಯಾರೂ ಬೇಗ ಬರಲೂ ಇಲ್ಲ. ಊಟದಲ್ಲಿ ಉಪ್ಪು ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಮಗಳು ಹೌದು, ಇಲ್ಲ ಎಂಬ ಎರಡೇ ಮಾತಲ್ಲಿ ಕಾಲೇಜು, ಪರೀಕ್ಷೆ, ಗೆಳತಿಯರು ಎಲ್ಲ ಮುಗಿಸಿದಳು. ಅತ್ತೆ ಮಲಗುವಾಗ ಕೂಡ ಹಲ್ಲಿನ ಸೆಟ್ಟನ್ನು ಮುಷ್ಟಿಯಲ್ಲಿ ಹಿಡಿದೇ ಮಲಗಿದರು. ಕೆಮ್ಮು ಬಂದರೆ ಹಿತ್ತಿಲಿಗೆ ಹೋಗಿ ಕೆಮ್ಮಿ ಬರುತ್ತಿದ್ದರು. ಕೆಮ್ಮಿನಲ್ಲೂ ಪಾಠ ಹುಡುಕುವ ಅಳಿಯ ಅಂತ ಅವರಿಗೆ ಗೊತ್ತು.

ಮಾಮ ಒದ್ದಾಡಿದ. ನಡೆದಾಡುವ ದಾರಿಯಲ್ಲಿ ಒಂಟಿ ಚಪ್ಪಲಿ ಬಿಟ್ಟು ನೋಡಿದ, ಯಾರಾದರೂ ಎಡವಲಿ ಅಂತ. ಅತ್ತೆ ಊರುಗೋಲಿನಿಂದ ಅದನ್ನು ತಳ್ಳಿ ಜೋಡಿ ಮಾಡಿಟ್ಟು ಹೋದರು. ಬೀರುವಿನ ಬೀಗದ ಕೈ ಬಚ್ಚಿಟ್ಟ. ಹೆಂಡತಿ ಇನ್ನೊಂದು ಬೀಗದ ಕೈ ತಂದು ಬೀರು ತೆರೆದಳು. ಕಪ್ಪು ಒಡೆದರೆ ಜಗಳವಾದರೂ ಆದೀತು ಅಂತ ಒಂದು ಹಳೇ ಕಪ್ಪನ್ನು ಮೇಜಿನ ತುದಿಗೆ ಸರಿಸಿದ. ಮಗಳು ಬಂದು ಅದನ್ನು ಮಧ್ಯಕ್ಕೆ ಸರಿಸಿದಳು. ಅವನು ಮತ್ತೆ ತುದಿಗೆ. ಅವಳು ಮತ್ತೆ ಮಧ್ಯಕ್ಕೆ. ಕೊನೆಗೆ ಮಾಮ ಸೋತು ಆ ಕಪ್ಪಿನಲ್ಲೇ ಕಾಫಿ ಕುಡಿದ.

ಶುಕ್ರವಾರ ಹೆಂಡತಿ ಬಾಯಿಬಿಟ್ಟಳು.

"ಈ ಭಾನುವಾರ ಅಲ್ಲಿ ನಮ್ಮನೆ ಮಾತು ಬಂತು ಅಂದ್ರೆ, ನಾನು ಮತ್ತೆ ಆ ಹೊಸಿಲು ತುಳಿಯಲ್ಲ ರೀ. ದೇವರು ಮನೇಲೂ ಇರ್ತಾನೆ. ಕೇಳಿದ್ದನ್ನ ಯಾರಿಗೂ ಹೇಳಲ್ಲ."

ಅದೇ ಚರ್ಚಿನಲ್ಲಿ ಅವರ ಮದುವೆ ಆಗಿದ್ದು. ಅವತ್ತಿನಿಂದ ಕಿಟಕಿ ಪಕ್ಕದ ಒಂದೇ ಬೆಂಚಿನಲ್ಲಿ ಇಬ್ಬರೂ. ಆ ಬೆಂಚಿನಲ್ಲಿ ಒಬ್ಬನೇ ಕೂರುವುದನ್ನು ಮಾಮನಿಗೆ ನೆನೆಯೋಕೂ ಆಗಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು ತಾನೇ? ಆದರೆ ಮಾಮನ ಬುದ್ಧಿ ಬೇರೆ ದಾರಿ ಹಿಡಿಯಿತು. ಇಷ್ಟು ದಿನದ್ದು ಸುಮಾರಾದ ಪಾಠಗಳು, ಅದಕ್ಕೇ ಅವಳಿಗೆ ಬೇಜಾರು. ಕೇಳಿದವಳೇ ಕಣ್ಣೊರೆಸಿಕೊಳ್ಳುವಂಥ ಒಂದು ಪಾಠ ಸಿಕ್ಕಿಬಿಟ್ಟರೆ ಎಲ್ಲ ಸರಿಹೋಗುತ್ತದೆ! ಅದಕ್ಕೆ ಮನೆಯವರು ಮನೆಯವರಂತೆ ಮಾತಾಡುವುದನ್ನು ಕೇಳಬೇಕು. ತಾನಿದ್ದರೆ ಮಾತಾಡುವುದಿಲ್ಲ. ಹಾಗಾದರೆ ತಾನು ಇರಬಾರದು, ಇದ್ದೂ ಇರಬೇಕು.

ಶನಿವಾರ ವರ್ಕ್‌ಶಾಪಿನಲ್ಲಿ ಪಾಸ್ಟರ್ ಮನೆಯ ಸೋಫಾ ಇತ್ತು. ಅದು ಅವರ ತಾತನ ಕಾಲದ್ದು, ಒಳಗೆ ಒಂದು ಕರು ಮಲಗುವಷ್ಟು ಜಾಗ. ಗಂಡ ಹೆಂಡತಿ ಸೇರಿ ಕೆಲಸ ಮಾಡುವ ಕ್ರಮ ಹೀಗೆ: ಮಾಮ ಸೋಫಾವನ್ನು ಬೆನ್ನ ಮೇಲೆ ಮಲಗಿಸಿ ಸ್ಪ್ರಿಂಗು ಕಟ್ಟುತ್ತಾನೆ, ಮುಗಿದ ಮೇಲೆ ಸೋಫಾದ ಕಾಲಿಗೆ ಒಂದು ಕೆಂಪು ದಾರ ಕಟ್ಟುತ್ತಾನೆ. ಕೆಂಪು ದಾರ ಕಂಡರೆ ಹೆಂಡತಿ ಡೊಂಕು ಸೂಜಿ ಹಿಡಿದು ಬಂದು ತಳಕ್ಕೆ ದಪ್ಪ ಕ್ಯಾನ್ವಾಸ್ ಬಟ್ಟೆ ಹೊಲಿದು ಮುಚ್ಚುತ್ತಾಳೆ. ಇವನ ಕೆಲಸ ಅವಳು ನೋಡುವುದಿಲ್ಲ, ಅವಳ ಕೆಲಸ ಇವನು ನೋಡುವುದಿಲ್ಲ.

ಬೆಳಿಗ್ಗೆಯೇ ದಾರ ಕಟ್ಟಿಯಾಗಿತ್ತು. ಮಾಮ ಅದನ್ನು ಮರೆತ. ತಳದ ಮರದ ಅಡ್ಡಪಟ್ಟಿಗಳ ನಡುವೆ ತೂರಿಕೊಂಡು ಒಳಗೆ ಹೋಗಿ, ಮೂಲೆಯಲ್ಲಿ ಮುದುಡಿ, ಕಿವಿ ನಿಮಿರಿಸಿ ಕೂತ.

ಹೆಂಡತಿ ಬಂದಳು. ಕೆಂಪು ದಾರ ನೋಡಿದಳು. ಒಳಗೆ ಇಣುಕದೆ ಬಟ್ಟೆ ಹಿಡಿದು ಹೊಲಿಯತೊಡಗಿದಳು.

ಮೊದಲ ಹೊಲಿಗೆಗೇ ಕೂಗಬೇಕಿತ್ತು. ಕೂಗಿದರೆ ಕದ್ದು ಕೇಳೋಕೆ ಕೂತಿದ್ದು ಗೊತ್ತಾಗುತ್ತದೆ. ಮುಂದಿನ ಹೊಲಿಗೆಗೆ ಕೆಮ್ಮುತ್ತೀನಿ ಅಂದುಕೊಂಡ. ಅದರ ಮುಂದಿನದಕ್ಕೆ ಅಂದುಕೊಂಡ. ಹೀಗೆ ಅಂದುಕೊಳ್ಳುತ್ತ ಬೆಳಕು ಒಂದು ಗೇಣಾಯಿತು, ಒಂದು ಬೆರಳಾಯಿತು, ಇಲ್ಲವಾಯಿತು. ಹೆಂಡತಿ ದಾರಕ್ಕೆ ಗಂಟು ಹಾಕಿ ಹಲ್ಲಿನಲ್ಲಿ ಕಚ್ಚಿ ಕತ್ತರಿಸಿದ ಸದ್ದು ಕೇಳಿಸಿತು. ಅಷ್ಟು ಹೊತ್ತೂ ಅವಳು ಒಂದೇ ಒಂದು ಮಾತಾಡಿರಲಿಲ್ಲ. ಪಾಠವೂ ಇಲ್ಲ, ಬಾಗಿಲೂ ಇಲ್ಲ.

ಅಷ್ಟರಲ್ಲಿ ತಳ್ಳುಗಾಡಿಯ ಇಬ್ಬರು ಬಂದು ಸೋಫಾ ಎತ್ತಿದರು. ಎತ್ತಿ ಇಳಿಸಿದರು. "ಏನಮ್ಮ, ಇದರೊಳಗೆ ಯಾರನ್ನಾದ್ರೂ ತುಂಬಿಸಿದ್ದೀರಾ?" ಅಂತ ಒಬ್ಬ ಕೇಳಿದ. ಅತ್ತೆ ಬಾಗಿಲ ಹತ್ತಿರ ಕೂತಿದ್ದರು. ಅಳಿಯ ತೂರಿಕೊಂಡಿದ್ದನ್ನು ಅವರು ಕಣ್ಣಾರೆ ನೋಡಿದ್ದರು, ಸ್ವಾಮಿ! ಆದರೆ ಈ ಮನೆಯಲ್ಲಿ ಏನೂ ನಡೆಯಬಾರದು ಅಂತ ತಮ್ಮ ಮಗಳೇ, ಅವನ ಹೆಂಡತಿಯೇ, ಹೇಳಿದ್ದಳಲ್ಲ. "ಹಳೇ ಮರ ಕಣಪ್ಪ," ಅಂದರು ಅತ್ತೆ. "ಮುದಿಯಾದಷ್ಟೂ ತೂಕ ಜಾಸ್ತಿ, ಉಪಯೋಗ ಕಮ್ಮಿ."

ಗಾಡಿ ಹೊರಟಿತು. ಮಾಮ ಎರಡು ಅಡ್ಡಪಟ್ಟಿಗಳ ಮೇಲೆ ಕೈಕಾಲು ಹರಡಿಕೊಂಡ. ಉಳಿದ ಮೈಯೆಲ್ಲ ಕ್ಯಾನ್ವಾಸಿನ ಮೇಲೆ. ಗಾಡಿ ಗುಂಡಿಗೆ ಇಳಿದಾಗಲೆಲ್ಲ ಬಟ್ಟೆ ಕಿರ್ ಎನ್ನುತ್ತಿತ್ತು, ಹರಿಯುತ್ತಿರಲಿಲ್ಲ. ಮಾಮ ಬೆರಳಲ್ಲಿ ಮುಟ್ಟಿ ನೋಡಿದ. ಒಂದೊಂದು ಹೊಲಿಗೆಗೂ ಎರಡೆರಡು ಸುತ್ತು ದಾರ, ಮೂಲೆಯಲ್ಲಿ ಮೂರು ಸುತ್ತು. ಯಾರೂ ಬಗ್ಗಿ ನೋಡದ ಜಾಗದಲ್ಲಿ ಇಷ್ಟು ನೀಟಾಗಿ ಯಾಕೆ ಹೊಲಿಯುತ್ತಾಳೆ ಇವಳು? ಅವನಿಗೆ ಆಶ್ಚರ್ಯ ಆಯಿತು. ಈಗ ತನ್ನ ಜೀವ ನಿಂತಿರೋದೇ ಇದರ ಮೇಲೆ ಅನ್ನಿಸಿದ ಮೇಲೆ ಆಶ್ಚರ್ಯ ಹೋಗಿ ನಾಚಿಕೆ ಆಯಿತು. ದೇವರ ಮಾತು ಕೇಳದೆ ಓಡಿಹೋಗಿ ಮೀನಿನ ಹೊಟ್ಟೆ ಸೇರಿದ ಪ್ರವಾದಿ ನೆನಪಾದ. ಕಣ್ಣು ಕಿರಿದಾಗಬೇಕಿತ್ತು, ಕತ್ತಲಲ್ಲಿ ಕಿರಿದು ಮಾಡಿ ಏನು ಪ್ರಯೋಜನ?

ಪಾಸ್ಟರ್ ಮನೆ ಪಕ್ಕದ ಬೀದಿಯಲ್ಲೇ. ಸೋಫಾವನ್ನು ಕಿಟಕಿ ಕೆಳಗೆ ಇಟ್ಟರು. ಗಾಡಿಯವರು ಹೋದರು. ಜೊತೆಗೆ ಬಂದಿದ್ದ ಹೆಂಡತಿ ಹೋಗಲಿಲ್ಲ. ಪಾಸ್ಟರ್ ಸೋಫಾದ ಮೇಲೆ ಕೂತರು. ಅವರದು ಭಾರೀ ಶರೀರ, ಕಿವಿಯೂ ಸ್ವಲ್ಪ ಮಂದ. ಎರಡು ಸ್ಪ್ರಿಂಗು ಬಂದು ಮಾಮನ ಪಕ್ಕೆಗೆ ಒತ್ತಿದವು. ಕಟ್ಟಿದ್ದು ತಾನೇ, ಯಾರನ್ನು ಬೈಯೋದು?

ಹೆಂಡತಿ ಎದುರಿನ ಕುರ್ಚಿಯಲ್ಲಿ ಕೂತು ಎಲ್ಲ ಹೇಳಿದಳು. ಕಪ್ಪಿನ ವಿಷಯ ಕೂಡ. ಆವತ್ತು ಒಳ್ಳೇ ಕಪ್ಪು ತೆಗೆಯದೇ ಇದ್ದದ್ದು ಜಿಪುಣತನದಿಂದ ಅಲ್ಲವಂತೆ. ಪಾಸ್ಟರ್ ತಂಗಿಗೆ ಕೈ ನಡುಗುವ ಕಾಯಿಲೆ, ಅದು ಅವಳಿಗೆ ಮೊದಲೇ ಗೊತ್ತಿತ್ತು. ಚಂದದ ಕಪ್ಪು ಕೈಜಾರಿ ಒಡೆದರೆ ಅವರಿಗೆ ಅವಮಾನ ಆಗುತ್ತದೆ, ಒಡೆದ ಕಪ್ಪಾದರೆ ಹೋದರೆ ಹೋಗಲಿ ಅಂತ ಹಳೇದರಲ್ಲಿ ಕೊಟ್ಟಿದ್ದಳು. ಇದನ್ನು ಸಭೆಯಲ್ಲಿ ಎದ್ದು ಹೇಳೋಕಾಗುತ್ತಾ?

"ಒಳ್ಳೇ ಮನುಷ್ಯನೇ, ಪಾಸ್ಟರ್. ಆದ್ರೆ ಯಾಕೆ ಹಾಗೆ ಮಾಡಿದೆ ಅಂತ ಒಂದು ಮಾತು ನನ್ನ ಕೇಳಲ್ಲ. ನೋಡ್ತಾರೆ, ಕಣ್ಣು ಚಿಕ್ಕದು ಮಾಡ್ತಾರೆ, ಹೋಗಿ ಹೇಳ್ತಾರೆ. ಒಂದು ವಾರನಾದ್ರೂ ನಾನು ಉದಾಹರಣೆ ಆಗದೆ ಬದುಕಬೇಕು." ಕೊನೆಗೆ ಅಂದಳು, "ನಾಳೆಯಿಂದ ನಾನು ಬರಲ್ಲ."

ಸೋಫಾ ಮಾತಾಡಿತು. "ಬಾ ಮಾರಾಯ್ತಿ. ಬರಲ್ಲ ಅನ್ಬೇಡ."

ಪಾಸ್ಟರ್ ಕೂತಲ್ಲೇ ನೆಟ್ಟಗಾದರು. ದೇವಸೇವೆಯಲ್ಲೇ ತಲೆ ಹಣ್ಣಾದ ಮನುಷ್ಯ. ಇಷ್ಟು ವರ್ಷ ಪ್ರಾರ್ಥನೆ ಮಾಡಿದ್ದಕ್ಕೆ ಇವತ್ತು, ಈ ಕಿವಿಗೆ, ಒಂದು ದನಿ ಕೇಳಿಸಿದೆ. ಎರಡೂ ಕೈ ಜೋಡಿಸಿ, "ಸ್ವಾಮೀ, ಕೇಳ್ತಾ ಇದ್ದೀನಿ," ಅಂದರು. ಆಮೇಲೆ ಅವರಿಗೊಂದು ಅನುಮಾನ ಬಂತು. ದನಿ ಬಂದದ್ದು ಮೇಲಿಂದ ಅಲ್ಲ, ಕೆಳಗಿಂದ. ಕೆಳಗಿಂದ ಬರುವ ದನಿ ಯಾರದು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೆಲ್ಲಗೆ ಎರಡೂ ಕಾಲು ಮೇಲೆತ್ತಿಕೊಂಡರು.

ಹೆಂಡತಿ ಎದ್ದು ನಿಂತಳು. "ಪಾಸ್ಟರ್, ಅದು ದೇವರಲ್ಲ, ಸೈತಾನನೂ ಅಲ್ಲ. ನಮ್ಮನೆಯವರು."

ಕತ್ತರಿ ತಂದರು. ಹೊಲಿಗೆ ಕತ್ತರಿಸೋಕೆ ಪಾಸ್ಟರಿಗೆ ಆಗಲಿಲ್ಲ, ಅವಳೇ ಕತ್ತರಿಸಬೇಕಾಯಿತು. ಕೂದಲಿಗೆಲ್ಲ ನಾರು ಮೆತ್ತಿಕೊಂಡು, ಪಕ್ಕೆ ಹಿಡಿದುಕೊಂಡು, ಮಾಮ ಮೊಣಕಾಲಿನ ಮೇಲೆ ಹೊರಗೆ ಬಂದ. ಬಂದವನು ಹಾಗೇ ಕೂತ. ಕೇಳಿಸಿಕೊಂಡಿದ್ದು ಎಷ್ಟು ಅಂತ ಅವಳು ಕೇಳಲಿಲ್ಲ, ಎಲ್ಲವೂ ಅಂತ ಮುಖದಲ್ಲೇ ಇತ್ತು. ಕಪ್ಪಿನ ವಿಷಯ ಒಂದು ಮಾತು ಕೇಳಬೇಕಿತ್ತು ಅಂತ ತಡವರಿಸಿದ. ಪಾಸ್ಟರ್ ಮಾತ್ರ ಖುಷಿಯಾಗಿ ನಾಳೆಯ ಪಾಠ ಇದೇ ಆಗಲಿ ಅಂದರು. ಮೀನಿನ ಹೊಟ್ಟೆಯ ಕಥೆಗೆ ಇಷ್ಟು ಹತ್ತಿರದ ಅನುಭವ ಇಡೀ ಸಭೆಯಲ್ಲಿ ಯಾರಿಗಿದೆ?

ಹೌದಲ್ಲ! ಜೀವಮಾನಕ್ಕೊಂದು ಪಾಠ. ಮಾಮನ ಕಣ್ಣು ಕಿರಿದಾಗತೊಡಗಿತು. ಹೆಂಡತಿ ನೋಡುತ್ತಿದ್ದಳು. ಮಾಮ ಎರಡೂ ಕೈಯಿಂದ ಕಣ್ಣು ಉಜ್ಜಿಕೊಂಡು ದೊಡ್ಡದು ಮಾಡಿದ.

ಭಾನುವಾರ ಅವಳು ಬಂದಳು. ಬರ್ತೀನಿ ಅಂತ ಹೇಳಿರಲಿಲ್ಲ, ಸುಮ್ಮನೆ ಚಪ್ಪಲಿ ಹಾಕಿಕೊಂಡು ಹೊರಟಿದ್ದಳು. ಕಿಟಕಿ ಪಕ್ಕದ ಬೆಂಚಿನ ತುದಿಯಲ್ಲಿ ಕೂತಳು, ಬೇಕಾದರೆ ತಕ್ಷಣ ಎದ್ದು ಹೋಗುವ ಹಾಗೆ. ಮಾಮನ ಸರದಿ ಬಂತು. ಎದ್ದು ಮುಂದೆ ಹೋಗಿ ನಿಂತ. ಪಾಸ್ಟರ್ ದಯದಿಂದ ಅಷ್ಟು ಹೊತ್ತಿಗೆ ಸೋಫಾದ ಸುದ್ದಿ ಅರ್ಧ ಸಭೆಗೆ ಮುಟ್ಟಿತ್ತು. ಜನ ಈಗಲೇ ನಗೋಕೆ ಬಾಯಿ ತಯಾರು ಮಾಡಿಕೊಂಡು ಕೂತಿದ್ದರು.

ಮಾಮ ಬಾಯಿ ತೆರೆದ. ಸೋಫಾದ ಕಥೆ ಹೇಳಬೇಕು ಅಂದರೆ ಹೊಲಿಗೆ ಹೇಳಬೇಕು. ಹೊಲಿಗೆ ಹೇಳಿದರೆ ಅವಳು ಬರುತ್ತಾಳೆ. ಅವಳು ಹೇಳಿದ ಮಾತು ಬರುತ್ತದೆ, ಕಪ್ಪು ಬರುತ್ತದೆ, ಮೊದಲ ಬೆಂಚಿನಲ್ಲಿ ನಡುಗುವ ಕೈಗಳನ್ನು ಮಡಿಲಲ್ಲಿ ಒತ್ತಿಕೊಂಡು ಕೂತವರು ಬರುತ್ತಾರೆ. ಮಾಮ ಬಾಯಿ ಮುಚ್ಚಿದ. ಬೇರೆ ಏನಾದರೂ ಇದೆಯಾ ಅಂತ ಹುಡುಕಿದ. ಇರಲಿಲ್ಲ. ಹಾಗಂತ ಹೋಗಿ ಕೂರೋಕೂ ತೋಚಲಿಲ್ಲ, ಐದು ನಿಮಿಷ ಅವನ ಪಾಲಿನದು. ನಿಂತೇ ಇದ್ದ.

ಮೊದಲು ಜನ ಕಾದರು. ಆಮೇಲೆ ಒಬ್ಬರು ಇದು ಮೌನ ಪ್ರಾರ್ಥನೆ ಇರಬೇಕು ಅಂತ ತಲೆ ಬಗ್ಗಿಸಿದರು. ಅವರನ್ನು ನೋಡಿ ಪಕ್ಕದವರು. ಸಾಲು ಸಾಲಾಗಿ ತಲೆಗಳು ಬಗ್ಗಿದವು. ಯಾರೋ ಮೂಗು ಎಳೆದುಕೊಂಡರು. ಪಾಸ್ಟರ್ ಆಳವಾಗಿ ಉಸಿರು ಬಿಟ್ಟರು. ಇಷ್ಟು ವರ್ಷದಲ್ಲಿ ಮಾಮ ಕೊಟ್ಟ ಅತ್ಯುತ್ತಮ ಪಾಠ ಇದೇ ಅಂತ ಆಮೇಲೆ ಎಷ್ಟೋ ಮಂದಿ ಹೇಳಿದರಂತೆ. ಅವರಿಗೇನು ಗೊತ್ತು!

ಅಷ್ಟು ತಲೆಗಳ ನಡುವೆ ಒಂದು ತಲೆ ಮಾತ್ರ ಬಗ್ಗಿರಲಿಲ್ಲ. ಮಾಮ ಮುಂದೆ ನಿಂತಾಗಲೆಲ್ಲ ಅವನಿಗೆ ಅಲ್ಲಿಂದ ಕಾಣುತ್ತಿದ್ದದ್ದು ಹೆಂಡತಿಯ ಬೈತಲೆ ಮಾತ್ರ. ಇವತ್ತು ಮುಖ ಕಂಡಿತು. ಅವಳು ಅವನನ್ನೇ ನೋಡುತ್ತಿದ್ದಳು. ಮೊದಲು ಹೆದರಿ, ಆಮೇಲೆ ಇದೇನಿದು ಅಂತ, ಆಮೇಲೆ ಬಾಯಿಗೆ ಕರ್ಚೀಫು ಒತ್ತಿಕೊಂಡು. ಭುಜ ಕುಣಿಯುತ್ತಿದ್ದವು. ಅಳುತ್ತಿದ್ದಾಳೇನೋ ಅಂತ ಮಾಮನಿಗೆ ಗಾಬರಿಯಾಯಿತು. ಅಲ್ಲ, ನಗುತ್ತಿದ್ದಳು.

ಪಕ್ಕದಲ್ಲಿದ್ದ ಅತ್ತೆ, ಕಣ್ಣು ಮುಚ್ಚಿಕೊಂಡೇ, ಅರ್ಧ ಚರ್ಚಿಗೆ ಕೇಳಿಸುವ ಹಾಗೆ ಪಿಸುಗುಟ್ಟಿದರು, "ಯಾರಾದ್ರೂ ಕೂರಿಸ್ರೇ ಅವರನ್ನ. ಪಾಪ, ಪಕ್ಕೆ ನೋಯ್ತಿರುತ್ತೆ."

ಹೆಂಡತಿ ಬೆಂಚಿನ ತುದಿಯಿಂದ ಒಳಗೆ ಸರಿದು ಜಾಗ ಮಾಡಿದಳು. ಮಾಮ ಹೋಗಿ ಕೂತ.