ಲೊರೆಟ್ಟಾ ಆಂಟಿಯ ಮಗನ ಓಟ

ಹೋದ ಭಾನುವಾರ ಸೋಫಾದ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದೆ. ಪಕ್ಕದಲ್ಲಿ ಮಗಳು ಅಮೆರಿಕನ್ ಫುಟ್‌ಬಾಲ್ ಕಾರ್ಯಕ್ರಮ ಹಾಕಿಕೊಂಡಿದ್ದಳು. ಈಗ ಜರ್ಮನಿಗೂ ಆ ಆಟದ ಹುಚ್ಚು ಹಿಡಿದಿದೆ. ಕಾಲೇಜು ಮುಗಿಸಿ ದೊಡ್ಡ ತಂಡಗಳ ಕರೆಗೆ ಕಾಯುತ್ತಿರುವ ಒಬ್ಬ ಹುಡುಗನ ಓಟವನ್ನು ಮತ್ತೆ ಮತ್ತೆ ತೋರಿಸಿ ಹೊಗಳುತ್ತಿದ್ದರು. ನಾನು ತಲೆ ಎತ್ತಿ, "ಇವನು ಹಿಂದಕ್ಕೆ ಹಿಂದಕ್ಕೆ ಬರ್ತಾನೆ. ಅಲ್ಲಿ ಇದು ನಡೆಯಲ್ಲ" ಅಂದುಬಿಟ್ಟೆ.

"ಪಾಪಾ, ವೋಹೆರ್ ವೈಸ್ಟ್ ಡು ದಾಸ್?" ಅಂದಳು ಮಗಳು. ನಿನಗೆ ಹೇಗೆ ಗೊತ್ತು ಅಂತ. ಅವಳ ಅನುಮಾನ ನ್ಯಾಯವಾದದ್ದೇ. ವಿಶ್ವಕಪ್ ಸಮಯದಲ್ಲಿ ಎದುರಾಳಿಯ ಗೋಲಿಗೆ ಎದ್ದು ಕುಣಿದು ಮನೆಯ ಮಾನ ಕಳೆದವನು ನಾನು. ಆದರೆ ಈ ಒಂದು ವಿಷಯ ನನಗೆ ಗೊತ್ತು. ಹೇಗೆಂದು ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಗ್ರೀನ್ ಕಾರ್ಡ್ ಎಂದೊಡನೆ ಎಲ್ಲರೂ ಅಮೆರಿಕ ಅಂದುಕೊಳ್ಳುತ್ತಾರೆ. ಕಂಪ್ಯೂಟರ್ ಬಲ್ಲವರು ಬೇಕೆಂದು ಜರ್ಮನಿಯೂ ಕೆಲವು ವರ್ಷ ಆ ಹೆಸರಿನ ಪರವಾನಗಿ ಕೊಟ್ಟು ಕರೆಸಿಕೊಂಡಿತ್ತು. ನಾನು ಹಾಗೆ ಬಂದವನು. ನಮ್ಮಮ್ಮ ಮೈಸೂರಿನಲ್ಲಿ ಬೀದಿಗೆಲ್ಲ ಮಗ ಅಮೆರಿಕಕ್ಕೆ ಹೋದ ಎಂದೇ ಹೇಳಿಕೊಂಡು ಬಂದಳು. ಪೂರ್ತಿ ಸುಳ್ಳೂ ಅಲ್ಲ. ಹೈಡೆಲ್‌ಬರ್ಗಿನ ನಮ್ಮ ಮನೆಯ ಕೆಳಗಡೆಯೇ ಅಮೆರಿಕ ಇತ್ತು.

ಮೇಲಿನ ಮಹಡಿಯಲ್ಲಿ ನಾನು ಮತ್ತು ಬಸು. ಬಸು ಧಾರವಾಡದವನು. ದಿನಾ ಬೆಳಿಗ್ಗೆ ಅವನ ಹಳೇ ಕಾರಿನಲ್ಲಿ ಇಬ್ಬರೂ ವಾಲ್‌ಡಾರ್ಫಿಗೆ ಕೆಲಸಕ್ಕೆ ಹೋಗುತ್ತಿದ್ದೆವು. ಕಾಲೇಜಿನ ದಿನಗಳಲ್ಲಿ ಅವನು ಒಳ್ಳೆಯ ಕಬಡ್ಡಿ ಆಟಗಾರ. ಕೆಳಗಿನ ಮನೆಯಲ್ಲಿ ಲೊರೆಟ್ಟಾ, ಅಮೆರಿಕನ್ ಸೈನಿಕರ ಆಸ್ಪತ್ರೆಯಲ್ಲಿ ನರ್ಸ್. ನಾವು ಅವರನ್ನು ಆಂಟಿ ಅಂದಾಗ ಮೊದಲು ಬೆರಗಾದರು, ಆಮೇಲೆ ಒಂದು ದಿನ ಹೆಸರು ಹಿಡಿದು ಕರೆದರೆ ಮುನಿಸಿಕೊಳ್ಳುವಷ್ಟು ಒಗ್ಗಿಹೋದರು.

ಆಂಟಿಯ ಒಬ್ಬನೇ ಮಗ ಡೆಸ್ಮಂಡ್ ಅಮೆರಿಕದಲ್ಲಿ ಕಾಲೇಜು ಓದುತ್ತ ಫುಟ್‌ಬಾಲ್ ಆಡುತ್ತಿದ್ದ. ರನ್ನಿಂಗ್ ಬ್ಯಾಕ್. ಅಂದರೆ ಚೆಂಡನ್ನು ಎದೆಗವಚಿಕೊಂಡು ಎದುರಿನ ದಾಂಡಿಗರ ನಡುವೆ ನುಗ್ಗಿ ಮುಂದೆ ಓಡುವವನು. ಪಂದ್ಯಗಳ ವಿಡಿಯೊ ಕ್ಯಾಸೆಟ್ಟುಗಳು ಅಂಚೆಯಲ್ಲಿ ಬರುತ್ತಿದ್ದವು. ಆಂಟಿಯ ಟಿವಿಯೂ ಅಮೆರಿಕದ್ದೇ. ಇಲ್ಲಿಯ ಕರೆಂಟು ಅದಕ್ಕೆ ಆಗದೆ, ಪಕ್ಕದಲ್ಲಿ ಇಟ್ಟಿಗೆಯಂಥ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತಿತ್ತು. ಆದರೆ ಆಂಟಿ ನೋಡುತ್ತಿರಲಿಲ್ಲ. ಮಗನ ಮೇಲೆ ನಾಲ್ಕು ಜನ ಬೀಳುವುದನ್ನು ನೋಡುವ ಎದೆ ಅವರಿಗಿರಲಿಲ್ಲ. ಶನಿವಾರ ಮಧ್ಯಾಹ್ನ ನಮ್ಮಿಬ್ಬರನ್ನು ಟಿವಿ ಮುಂದೆ ಕೂರಿಸಿ, ತಾವು ಅಡುಗೆಮನೆಯಲ್ಲಿ ಜೋಳದ ಬ್ರೆಡ್ ಬೇಯಿಸುತ್ತ, "ಬಿದ್ದನಾ? ಎದ್ದನಾ?" ಎಂದು ಇಂಗ್ಲಿಷಿನಲ್ಲಿ ಕೂಗುತ್ತಿದ್ದರು. ಎದ್ದ ಎಂದು ಹೇಳುವುದೇ ನಮ್ಮ ಕೆಲಸ.

ಮೊದಲ ದಿನ ನಾವು ಮಾಡಿದ್ದು ಕಬಡ್ಡಿ ಬಲ್ಲವರು ಮಾತ್ರ ಮಾಡುವ ತಪ್ಪು. ಎದುರಿನವರು ಮುತ್ತಿಕೊಂಡಾಗ ಡೆಸ್ಮಂಡ್ ಹಾವಿನ ಹಾಗೆ ನುಣುಚಿಕೊಂಡು ತನ್ನ ಕಡೆಗೇ ಹಿಂದೆ ಓಡಿದ. ಬಸು ತೊಡೆ ತಟ್ಟಿ, "ನೋಡಪಾ, ಎಷ್ಟ ಚಂದ ವಾಪಸ್ ಬಂದ!" ಎಂದು ಕೂಗಿದ. ಇಬ್ಬರೂ ಚಪ್ಪಾಳೆ ಹೊಡೆದೆವು. ರೇಡಿಗೆ ಹೋದವನು ಸಿಗದೆ ತನ್ನ ಅಂಗಳಕ್ಕೆ ಮರಳಿದರೆ ತಾನೇ ಗೆಲುವು? ಆಂಟಿ ಹಿಟ್ಟಿನ ಕೈಯಲ್ಲೇ ಓಡಿ ಬಂದು ಪರದೆ ನೋಡಿ ನಗತೊಡಗಿದರು. ಈ ಆಟದಲ್ಲಿ ಹಿಂದೆ ಓಡಿದಷ್ಟೂ ನಷ್ಟವಂತೆ. ಅಂದಿನಿಂದ ಬಸು ಚಪ್ಪಾಳೆ ನಿಲ್ಲಿಸಿ ನೋಡತೊಡಗಿದ.

ಚಳಿಗಾಲದ ಒಂದು ಶನಿವಾರ ಆಂಟಿ ಬ್ರೆಡ್ ಕೊಟ್ಟು ಎದುರಿಗೆ ಕೂತರು. ಮಗ ಕೊನೆಯ ವರ್ಷದ ಓದು ಬಿಟ್ಟು ಈಗಲೇ ದೊಡ್ಡ ತಂಡಗಳಿಗೆ ಹೆಸರು ಕೊಡುತ್ತೇನೆ ಅನ್ನುತ್ತಿದ್ದ. ಅಮ್ಮನ ಒಪ್ಪಿಗೆಗೆ ಕಾಯುತ್ತಿದ್ದ. "ನೀವು ಇಷ್ಟು ದಿನ ನೋಡಿದ್ದೀರಿ. ಅವನು ಅಲ್ಲಿ ನಿಲ್ಲುತ್ತಾನಾ? ಮುಂದಿನ ಶನಿವಾರ ಹೇಳಿ" ಅಂದರು. ಈ ದೇಶದಲ್ಲಿ ಅಲ್ಲಿಯವರೆಗೆ ನಮ್ಮ ಪಾಸ್‌ಪೋರ್ಟ್ ಕೇಳಿದ್ದರು, ಸಂಬಳದ ಚೀಟಿ ಕೇಳಿದ್ದರು. ನಿಮಗೇನನ್ನಿಸುತ್ತದೆ ಎಂದು ಕೇಳಿದವರು ಆಂಟಿಯೇ ಮೊದಲು.

ನನಗಂತೂ ಪೀಕಲಾಟ. ಸೋಮವಾರ ಕೆಲಸಕ್ಕೆ ಹೋಗುವಾಗ ಬಸುವಿಗೆ, "ಗುರು, ಸೂಪರ್ ಅಂತ ಹೇಳ್ಬಿಡೋಣ ಕಣೋ. ತಾಯಿ ಕರುಳು. ನಮಗ್ಯಾಕೆ ಬೇಕು?" ಅಂದೆ.

ಬಸು ಕಾರು ಓಡಿಸುತ್ತಲೇ ಹೇಳಿದ. "ನಮ್ಮ ಕಾಲೇಜಿನಾಗ ನನ್ನಷ್ಟ ಜೋರ ಓಡಾಂವ ಯಾರೂ ಇರಲಿಲ್ಲ. ಹಿಂದ ಸರದರೂ ಆತು, ಮುಂದ ಹೋದರೂ ಆತು, ಯಾರ ಕೈಗೂ ಸಿಗತಿರಲಿಲ್ಲ. ರಾಜ್ಯದ ಕ್ಯಾಂಪಿಗೆ ಹೋದೆ ನೋಡು, ಅಲ್ಲೆ ಎಲ್ಲಾರೂ ನನ್ನಷ್ಟ ಜೋರ! ಡೆಸ್ಮಂಡಂದೂ ಅದ ಕತಿ. ಅಂವಗ ಇನ್ನೂ ಸೀದಾ ನುಗ್ಗಾಕ ಬರಂಗಿಲ್ಲ. ನನಗ ಯಾರೂ ಹೇಳಲಿಲ್ಲೋ. ಎಲ್ಲಾರೂ ಭಾರಿ ಭಾರಿ ಅಂದ್ರು. ನಾ ಹೇಳಾಂವ."

ಆ ಶನಿವಾರ ಹೇಳಿಯೂ ಬಿಟ್ಟ, ತನ್ನ ಧಾರವಾಡದ ಇಂಗ್ಲಿಷಿನಲ್ಲಿ, ಒಂದು ಮಾತನ್ನೂ ಮೆತ್ತಗೆ ಮಾಡದೆ. ಇನ್ನೊಂದು ವರ್ಷ ಓದಲಿ, ಆಡಲಿ, ಆಮೇಲೆ ಹೋಗಲಿ ಅಂದ. ಆಂಟಿಯ ಮುಖ ಸಪ್ಪಗಾಯಿತು. ಟಿವಿ ಆರಿಸಿ, ತಲೆನೋವು ಅಂದರು. ಮುಂದಿನ ಶನಿವಾರ ಕರೆ ಬರಲಿಲ್ಲ, ಅದರ ಮುಂದಿನ ಶನಿವಾರವೂ ಇಲ್ಲ. ಮೆಟ್ಟಿಲಲ್ಲಿ ಜೋಳದ ಬ್ರೆಡ್ಡಿನ ವಾಸನೆ ಬಂದರೆ ಇಬ್ಬರಿಗೂ ಅಪ್ಪ ಬೈದಷ್ಟು ಸಂಕಟ. ನಾನು ಬಸುವನ್ನು ಮನಸಾರೆ ಬೈದುಕೊಂಡೆ.

ಡೆಸ್ಮಂಡ್ ಕಾಲೇಜು ಬಿಡಲಿಲ್ಲ. ಅಮ್ಮ ಒಪ್ಪಲಿಲ್ಲವೆಂದು ಸಿಟ್ಟಿನಲ್ಲೇ ಆ ವರ್ಷ ಓದಿದನಂತೆ, ಆಡಿದನಂತೆ. ಆಮೇಲೆ ಹೆಸರು ಕೊಟ್ಟ. ಯಾವ ತಂಡವೂ ಕರೆಯಲಿಲ್ಲ. ಕೈಯಲ್ಲಿ ಡಿಗ್ರಿ ಇತ್ತು, ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರಾದ.

ಆ ಸುದ್ದಿ ಹೇಳಲು ಆಂಟಿ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದರು. ಅಡುಗೆಮನೆಯಲ್ಲಿ ನಿಂತೇ ಅತ್ತರು. ಆಮೇಲೆ ಬಸುವಿನ ಕೈ ಹಿಡಿದುಕೊಂಡು, "ಊರೆಲ್ಲ ನನ್ನ ಮಗನನ್ನು ಹೊಗಳಿತು. ನೋಡಿದವರು ನೀವಿಬ್ಬರೇ" ಅಂದರು. ರಾಜ್ಯದ ಕ್ಯಾಂಪಿನಿಂದ ವಾಪಸಾದಾಗಲೂ ಅಳದ ಬಸು ಅವತ್ತು ಅತ್ತ. ನಾನು ಈರುಳ್ಳಿ ಹೆಚ್ಚುತ್ತಿದ್ದೆ, ಹಾಗಾಗಿ ನನ್ನ ಮರ್ಯಾದೆ ಉಳಿಯಿತು.

ಆಂಟಿ ಆಮೇಲೆ ತಮ್ಮ ದೇಶಕ್ಕೆ ಹೋದರು, ಬಸು ಹುಬ್ಬಳ್ಳಿಗೆ. ಈ ದೇಶ ನನಗೆ ಮನೆಯಾದದ್ದು ಯಾವಾಗ ಎಂದು ಯಾರಾದರೂ ಕೇಳಿದರೆ, ಆಂಟಿ ಆ ಪ್ರಶ್ನೆ ಕೇಳಿದ ಶನಿವಾರ ಅನ್ನುತ್ತೇನೆ. ಅವರ ಋಣ ನನ್ನ ಮೇಲಿದೆ. ಅದು ಇರಲಿ, ತೀರಿಸುವ ಆತುರ ನನಗಿಲ್ಲ.

ಇಷ್ಟು ಹೇಳುವ ಹೊತ್ತಿಗೆ ಕಾರ್ಯಕ್ರಮ ಮುಗಿದಿತ್ತು. ಮಗಳು ಹ್ಯಾಂಡ್‌ಬಾಲ್ ಆಡುತ್ತಾಳೆ, ರಾಜ್ಯ ತಂಡದ ಆಯ್ಕೆ ಹತ್ತಿರದಲ್ಲಿದೆ. ಒಂದು ಬಟಾಣಿ ಸಿಪ್ಪೆ ಮುರಿಯುತ್ತ, "ಪಾಪಾ, ಉಂಡ್ ಇಶ್?" ಅಂದಳು. ಹಾಗಾದರೆ ನಾನು?

ಸೂಪರ್ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಶನಿವಾರ ನಿನ್ನ ಪಂದ್ಯಕ್ಕೆ ಬರ್ತೀನಿ ಪುಟ್ಟಿ. ಪೂರ್ತಿ ನೋಡಿ ಹೇಳ್ತೀನಿ" ಅಂದೆ.