ಹಾಂಗ್‌ಕಾಂಗ್ ಗಾಯಕಿಗೆ ಗಿರಿಜಾ ಆಂಟಿ ಹಾಕಿದ ಹಾರ

ಸ್ನೇಹಿತರೇ, ಇವತ್ತು ನಮ್ಮ ಕೆಲ್ಲಿವಿಲ್ ಮನೆಯಲ್ಲಿ ಬದುಕಿರುವ ಇಬ್ಬರಿಗೆ ಒಂದೇ ಹಾರದಲ್ಲಿ ತಿಥಿ ಆಗಿಹೋಯಿತು.

ಸತ್ಯನಾರಾಯಣ ಪೂಜೆಗೆ ಬಂದಿದ್ದ, ಇಲ್ಲೇ ಹತ್ತಿರದ ಕ್ವೇಕರ್ಸ್ ಹಿಲ್ ಬಡಾವಣೆಯ ಗಿರಿಜಾ ಆಂಟಿ, ಉಳಿದಿದ್ದ ಹಾರವನ್ನು ಹಾಲ್‌ನಲ್ಲಿದ್ದ ಕಪ್ಪು ಬಿಳುಪು ಫೋಟೋಗೆ ಹಾಕಿ, ಗಾಜಿಗೆ ಕುಂಕುಮವನ್ನೂ ಇಟ್ಟರು. "ನಿಮ್ಮತ್ತೆ ಎಷ್ಟು ಲಕ್ಷಣವಾಗಿದ್ರಮ್ಮಾ! ಯಾವಾಗ ಹೋಗಿದ್ದು?"

ಅದು ಹಾಂಗ್‌ಕಾಂಗ್‌ನ ಹಳೇ ಕಾಲದ ಗಾಯಕಿ, ಸಿನಿಮಾ ನಟಿ. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಸಿಕ್ಕ ರೆಕಾರ್ಡಿನ ಕವರಿಗೆ ನಾನೇ ಫ್ರೇಮ್ ಹಾಕಿಸಿದ್ದು. ತೊಂಬತ್ತು ದಾಟಿದ್ದರೂ ಆಕೆ ಗಟ್ಟಿಮುಟ್ಟಾಗಿದ್ದಾರೆ.

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಅತ್ತೆ ಬಂದರು. ಆಂಟಿ ಇವರನ್ನು ನನ್ನ ಅಮ್ಮ ಅಂದುಕೊಂಡಿದ್ದರಂತೆ.

"ಅವಳತ್ತೆ ನಾನು. ಇನ್ನೂ ಇದ್ದೀನಿ. ಆ ಫೋಟೋದಲ್ಲಿರೋರೂ ಇದ್ದಾರೆ."

"ಹಾಕಿದ ಹಾರ ತೆಗೀಬಾರ್ದು," ಎಂದರು ಆಂಟಿ.

"ಇರೋರಿಗೆ ಹಾಕ್ಲೂಬಾರ್ದು," ಎಂದು ಅತ್ತೆಯೇ ಕಿತ್ತು ತೆಗೆದರು.

ಇಬ್ಬರ ಸಿಟ್ಟೂ ಇಳಿಯಲಿ ಎಂದು ನಾನು ರೆಕಾರ್ಡ್ ಹಾಕಿದೆ. ಪಕ್ಕದಲ್ಲೇ ಕೂತು, ನಮಗೊಬ್ಬರಿಗೇ ಕೇಳುವಷ್ಟು ಮೆಲ್ಲಗೆ ಸಮಾಧಾನ ಹೇಳುವಂಥ ದನಿ ಅದು. ದಿನಾ ಮಧ್ಯಾಹ್ನ ಅತ್ತೆ ಅದನ್ನು ಕೇಳುತ್ತಲೇ ತರಕಾರಿ ಹೆಚ್ಚುವುದು. ಆಂಟಿಯೂ ಹಾಡು ಮುಗಿಯುವವರೆಗೆ ಅಲ್ಲಾಡಲಿಲ್ಲ.

"ನಿಮಗೆ ಚೈನೀಸ್ ಅರ್ಥ ಆಗತ್ತಾ?" ಎಂದು ಆಮೇಲೆ ಅತ್ತೆಯನ್ನು ಕೇಳಿದರು.

"ಈ ಮನೇಲಿ ಮೊಮ್ಮಗಳ ಇಂಗ್ಲಿಷೂ ನನಗೆ ಅರ್ಥ ಆಗಲ್ಲ. ಇವರದು ಕಿವಿಗಾದ್ರೂ ಹಿತವಾಗಿದೆ."

ಮಹಡಿಯಿಂದ ಮಗಳು ಕೂಗಿದಳು. "ಅಜ್ಜೀ, ಐ ಹರ್ಡ್ ದಟ್!"

ಅತ್ತೆ ನನ್ನ ಕಡೆ ತಿರುಗಿದರು. "ಏನಂದ್ಲು?"

ನಾನು ಇನ್ನೊಂದು ಹಾಡು ಹಾಕಿ ವಾಲ್ಯೂಮ್ ಜಾಸ್ತಿ ಮಾಡಿದೆ.